ಕ್ಲಚ್ಚಿಲ್ಲದ ಕಾರಿನೆದುರು ನಾನೂರು ಮೀಟರು

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಓಣಿಯಲ್ಲಿ ನನ್ನ ಬಗ್ಗೆ ಒಂದು ಸುದ್ದಿ ಓಡಾಡುತ್ತಿದೆ. ಕಮಲಾಪುರದ ಹೊರಗೆ ನಡೆದ ಕಾರಿನ ಪಂದ್ಯದಲ್ಲಿ ನಾನು ಹೆಂಡತಿಯನ್ನೇ ಪಣಕ್ಕಿಟ್ಟು ಸೋತೆನಂತೆ. ಮಾವನವರು ನನ್ನ ಕಾರನ್ನು ಕಸಿದುಕೊಂಡು, ಬಾಳೆಗೊನೆ ಸಾಗಿಸುವ ಟೆಂಪೊದ ಹಿಂಬದಿಯಲ್ಲಿ ನನ್ನನ್ನು ಕೂಡಿಸಿ ಕಲಬುರಗಿಗೆ ಸಾಗಹಾಕಿದರಂತೆ. ಈ ಕಥನದ ಕರ್ತೃ ಎದುರುಮನೆಯ ಭೀಮಶಾ. ಆತ ನಿವೃತ್ತ ಸರ್ವೇಯರ್. ಮೂವತ್ತು ವರ್ಷ ಸರಪಳಿ ಹಿಡಿದು ಹೊಲ ಅಳೆದ ಮನುಷ್ಯ ಮಾತಿನಲ್ಲಿ ಇಷ್ಟೊಂದು ಅಳತೆ ತಪ್ಪಬಹುದೆಂದು ನಾನು ಎಣಿಸಿರಲಿಲ್ಲ.

ಆದ್ದರಿಂದ ಈ ತಿದ್ದುಪಡಿ. ಪಣವೊಡ್ಡಿದವನು ನಾನಲ್ಲ, ನನ್ನ ಹೆಂಡತಿ. ಪಣಕ್ಕೆ ಬಿದ್ದದ್ದು ಹೆಂಡತಿಯಲ್ಲ, ಕಾರು. ನಾನು ಟೆಂಪೊದಲ್ಲಿ ಬರಲಿಲ್ಲ. ನನ್ನದೇ ಕಾರನ್ನು ನಾನೇ ನಡೆಸಿಕೊಂಡು, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ, ಎತ್ತಿನ ಗಾಡಿಗಳ ಅನುಕಂಪಕ್ಕೆ ಪಾತ್ರನಾಗಿ ಬಂದೆ. ಬಾಳೆಗೊನೆಗಳಿದ್ದದ್ದು ಮಾತ್ರ ನಿಜ. (ನಾಲ್ಕಿದ್ದವು. ಆ ವಿಷಯಕ್ಕೆ ಬರುತ್ತೇನೆ.)

ನನ್ನ ಹೆಸರು ಅಮರನಾಥ. ಕನ್ನಡ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವೀಧರ. ಹದಿನಾಲ್ಕು ವರ್ಷಗಳಿಂದ ಪದವಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ಇಂಥವನಿಗೆ ಡ್ರ್ಯಾಗ್ ರೇಸಿನ ಹುಚ್ಚು ಹೇಗೆ ಹಿಡಿಯಿತೆಂದು ಸಹೋದ್ಯೋಗಿಗಳು ನಗುತ್ತಾರೆ. ಅವರಿಗೆ ಆ ಕ್ರೀಡೆಯ ರೂಪಸೌಷ್ಠವದ ಅರಿವಿಲ್ಲ. ಎರಡು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ. ಎದುರಿಗೆ ನೇರವಾದ ನಾನೂರು ಮೀಟರು ರಸ್ತೆ. ತಿರುವಿಲ್ಲ, ಉಬ್ಬಿಲ್ಲ, ಉಪಕಥೆಯಿಲ್ಲ. ನಿಂತಲ್ಲಿಂದ ಹೊರಟು ಮೊದಲು ಮುಟ್ಟಿದವನು ಗೆದ್ದ. ಸಾವಿರ ಪುಟಗಳ ಪಠ್ಯಗಳನ್ನು ಪರೀಕ್ಷೆಗಾಗಿ ಹಿಂಡುವವನ ಜೀವಕ್ಕೆ ಹದಿನೈದು ಸೆಕೆಂಡಿನಲ್ಲಿ ಮುಗಿಯುವ ಕೃತಿಯೊಂದು ಎಂಥ ಸಮಾಧಾನ ಕೊಡುತ್ತದೆಂಬುದು ಹಿಂಡಿದವರಿಗೇ ಗೊತ್ತು.

ಆ ಹದಿನೈದು ಸೆಕೆಂಡಿನ ಆತ್ಮ ಯಾವುದು? ಗೇರು. ಎಡಗಾಲು ಕ್ಲಚ್ಚನ್ನು ತುಳಿಯುತ್ತದೆ, ಎಡಗೈ ಗೇರನ್ನು ಬದಲಿಸುತ್ತದೆ, ಕಾಲು ಮೇಲೇಳುತ್ತದೆ. ಒಂದು ಓಟದಲ್ಲಿ ಇದು ಮೂರು ನಾಲ್ಕು ಸಲ ಆಗಬೇಕು. ಪ್ರತಿ ಸಲವೂ ಮನುಷ್ಯ ತಾನೇ ನಿರ್ಧರಿಸಬೇಕು. ಇಂಥ ಘನವಾದ ಕೆಲಸವನ್ನು ಯಂತ್ರದ ಕೈಗೆ ಒಪ್ಪಿಸಿ ಸುಮ್ಮನೆ ಕೂರುವ ಕಾರನ್ನು ಆಟೋಮ್ಯಾಟಿಕ್ ಎನ್ನುತ್ತಾರೆ. ನನ್ನ ಕೋಪ ಏನೆಂದರೆ, ಇತ್ತೀಚೆಗೆ ನಾನು ನೋಡುವ ಪಂದ್ಯಗಳಲ್ಲೆಲ್ಲ ಗೆಲ್ಲುತ್ತಿರುವುದು ಅದೇ. ಗೇರು ಹಾಕುವವನು ಬೆವರುತ್ತಾನೆ, ಪಕ್ಕದವನು ಒಂದೇ ಕಾಲೊತ್ತಿ ಹೋಗಿಬಿಡುತ್ತಾನೆ. ಈ ಅನ್ಯಾಯ ನೋಡಿ ನಾನು ಮೊಬೈಲಿಗೆ ಬೈದದ್ದುಂಟು. ಒಮ್ಮೆ ಬೈದ ಭರದಲ್ಲಿ ಮೊಬೈಲು ಸಾರಿನೊಳಗೆ ಬಿದ್ದದ್ದೂ ಉಂಟು.

ಇಂಥ ಮನೆಗೆ, ಹೋದ ಶ್ರಾವಣದಲ್ಲಿ, ನನ್ನ ಹೆಂಡತಿ ವಿದ್ಯಾವತಿ ಕ್ಲಚ್ಚಿಲ್ಲದ ಬಿಳಿ ಕಾರೊಂದನ್ನು ತಂದು ನಿಲ್ಲಿಸಿದಳು.

ಅವಳು ಕಮಲಾಪುರದ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ತವರೂ ಅದೇ ಊರು. ಮಾವ ಜಗದೇವಪ್ಪನವರು ಕೆಂಬಾಳೆ ಬೆಳೆಯುವವರು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳಿಗೆ ನಾನು ನನ್ನ ಕೆಂಪು ಕಾರಿನಲ್ಲಿ ಚಾಲನೆ ಕಲಿಸಲು ಹಿಂದೆ ಪ್ರಯತ್ನಿಸಿದ್ದೆ. ಕೋಟನೂರಿನ ಕಡೆಯ ರಸ್ತೆಯಲ್ಲಿ ಹನ್ನೊಂದು ದಿನ. ಹನ್ನೆರಡನೆಯ ದಿನ ಅವಳು ಕಾರಿನಿಂದಿಳಿದು, ಬಾಗಿಲನ್ನು ಮೆಲ್ಲಗೆ ಮುಚ್ಚಿ, ಆಟೋ ಹತ್ತಿ ಮನೆಗೆ ಹೋದಳು. ನಾನು ಬೈದಿರಲಿಲ್ಲ. ‘ಅರ್ಧ ಕ್ಲಚ್ಚು’ ಎಂಬ ಪರಿಕಲ್ಪನೆಯನ್ನು ತುಸು ಎತ್ತರದ ಧ್ವನಿಯಲ್ಲಿ ವಿವರಿಸಿದ್ದೆ, ಅಷ್ಟೆ. ಹೊಲದಲ್ಲಿದ್ದವರು ಕೆಲಸ ಬಿಟ್ಟು ನೋಡಿದ್ದು ಅವರ ಕುತೂಹಲ.

"ಎಡಗಾಲಿಗಿ ಕೆಲಸ ಇಲ್ಲದ ಗಾಡಿ ಗಾಡಿನೇ ಅಲ್ಲ" ಎಂದೆ, ಬಿಳಿ ಕಾರನ್ನು ಮೊದಲ ಸಲ ನೋಡಿ.

"ನಿಮ್ಮ ಎಡಗಾಲು ಖಾಲಿ ಕುಂತ್ರ ಹೇಳ್ರಿ, ಬ್ಯಾರೆ ಕೆಲಸ ಹಚ್ಚಿಕೊಡ್ತೀನಿ" ಎಂದಳು ಅವಳು. "ನಾ ಹತ್ತಕ್ಕ ಕಾಲೇಜಿನಾಗ ಇರಬೇಕು. ಗಾಡಿ ಮುಟ್ಟಿಸಿದ್ರ ಸಾಕು."

ತಾತ್ವಿಕ ಭಿನ್ನಾಭಿಪ್ರಾಯವನ್ನು ನಾನು ನುಂಗಿಕೊಳ್ಳಬಲ್ಲೆ. ಆದರೆ ನಮ್ಮ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಿಲ್ಲುವುದು ಒಂದೇ ಕಾರು. ಎರಡನೆಯದು ಓಣಿಯಲ್ಲಿ ನಿಲ್ಲಬೇಕು. ನಿಂತರೆ ಕಸದ ಗಾಡಿ ಒಳಗೆ ಬರುವುದಿಲ್ಲ, ಭೀಮಶಾನ ಗೇಟು ಪೂರ್ತಿ ತೆರೆಯುವುದಿಲ್ಲ. ಮೊದಲು ಬಂದವರಿಗೆ ಮರದ ನೆರಳು ಎಂಬ ನಿಯಮವಾಯಿತು. ನಾನು ಮೊದಲು ಬರಲೆಂದು ಕೊನೆಯ ತರಗತಿಯನ್ನು ಹತ್ತು ನಿಮಿಷ ಮೊದಲೇ ಬಿಡತೊಡಗಿದೆ. ಅವಳು ಪ್ರತಿಭಟಿಸಲಿಲ್ಲ. ಬಿಳಿ ಕಾರನ್ನು ನನ್ನ ಕಾರಿನ ಹಿಂದೆ, ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಬೀಗದ ಕೈಯನ್ನು ದೇವರ ಕೋಣೆಯಲ್ಲಿಟ್ಟು ಮಲಗತೊಡಗಿದಳು. ಸ್ನಾನ ಮಾಡದೆ ದೇವರ ಕೋಣೆಗೆ ಹೋಗುವಂತಿಲ್ಲವಾದ್ದರಿಂದ, ಆಧುನಿಕ ಮನೋಧರ್ಮದ ನಾನು ಬೆಳಿಗ್ಗೆ ಐದಕ್ಕೆ ತಣ್ಣೀರು ಸುರಿದುಕೊಂಡು ಕೈಮುಗಿದು ನನ್ನ ಕಾರನ್ನು ಹೊರತೆಗೆಯಬೇಕಾಯಿತು.

ಒಂದು ಸಂಜೆ ಮಾತು ಬೆಳೆಯಿತು.

"ಒಂದು ಗಾಡಿ ಹೋಗಬೇಕು" ಎಂದೆ.

"ಹೋಗ್ಲಿ. ಯಾವುದು ಅಂತ ನೀವೇ ಅನ್ರಿ."

"ಯಾವುದು ಗಾಡಿ ಅಲ್ಲೋ ಅದು."

"ದಿನಾ ಮೊಬೈಲಿನಾಗ ನೋಡ್ಕೊಂತ ಕೂಡ್ತೀರಲ್ರಿ, ಎರಡು ಗಾಡಿ ನಿಲ್ಲಿಸಿ ಓಡ್ಸೋದು. ಹಂಗೇ ಮಾಡೂಣು. ಸೋತ ಗಾಡಿ ಮರದ ಬುಡ ಬಿಟ್ಟು, ಮನಿ ಬಿಟ್ಟು ಹೋಗ್ಲಿ."

ನಾನು ಅವಳ ಮುಖವನ್ನೇ ನೋಡಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು, ತಲೆಯೆತ್ತಿರಲಿಲ್ಲ.

"ಖರೇನಾ?"

"ಬರೂ ಐತಾರ. ನಮ್ಮೂರ ಹೊರಗ ಹೊಸಾ ಲೇಔಟಿನ ರಸ್ತಾ ಅದ, ಇನ್ನಾ ಒಂದು ಮನಿ ಕಟ್ಟಿಲ್ಲ. ಅಪ್ಪಗ ಹೇಳಿ ನಾನೂರು ಮೀಟರ್ ಅಳಸ್ತೀನಿ."

ಆ ರಾತ್ರಿ ನಾನು ಬಹಳ ಕಾಲದ ಮೇಲೆ ನೆಮ್ಮದಿಯಿಂದ ನಿದ್ರಿಸಿದೆ.

ಮರುದಿನ ಸೂಪರ್ ಮಾರ್ಕೆಟ್ಟಿನ ಹಿಂಬದಿಯಲ್ಲಿರುವ ನಬಿಸಾಬರ ಗ್ಯಾರೇಜಿಗೆ ಹೋದೆ. ಹನ್ನೊಂದು ವರ್ಷಗಳಿಂದ ನನ್ನ ಕೆಂಪು ಕಾರಿನ ಆರೋಗ್ಯ ಅವರ ಕೈಯಲ್ಲಿದೆ. ವಿಷಯ ಹೇಳಿದೆ. ಅವರು ಚಿಂದಿಯಿಂದ ಕೈ ಒರೆಸಿಕೊಂಡರು.

"ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಈಗಿನ ಆಟೋಮ್ಯಾಟಿಕ್ ಜಲ್ದಿ ಬದಲಿ ಮಾಡ್ತದ್ರಿ. ನಿಮ್ಮ ಕೈ ಗೇರಿನ ಮ್ಯಾಲ ಬರೋದ್ರಾಗ ಅದು ಮಾಡಿ ಮುಗಿಸಿರ್ತದ."

"ನಬಿಸಾಬ್, ನೀವು ಮಿಸ್ತ್ರಿ ಆಗಿ ಹಿಂಗ ಮಾತಾಡ್ತೀರಿ?"

"ಮಿಸ್ತ್ರಿ ಅದೀನಿ ಅಂತನೇ ಹೇಳ್ಲಾಕತ್ತೀನ್ರಿ. ಮತ್ತ ಅಕ್ಕೋರು ಹೊಡಿಯೋದು ಹಗುರ ತಿಳೀಬ್ಯಾಡ್ರಿ."

"ಕ್ಲಚ್ಚಿಲ್ಲದ್ದು ಯಾರರ ಹೊಡೀತಾರ ಬಿಡ್ರಿ."

ಅವರು ಏನೋ ಹೇಳಲು ಬಾಯಿ ತೆರೆದು, ಚಿಂದಿಯನ್ನು ಹೆಗಲಿಗೆ ಹಾಕಿಕೊಂಡು, ಬಾಯಿ ಮುಚ್ಚಿದರು. (ಆ ಮುಚ್ಚಿದ ಬಾಯಿಯ ಬಗ್ಗೆ ನನಗೆ ಇಂದಿಗೂ ಕೋಪವಿದೆ.) ಆಮೇಲೆ ಹೇಳಿದರು: "ಗೆಲ್ಲಬೇಕಂದ್ರ ಒಂದೇ ಉಪಾಯ ಸರ್. ವಜನ್ ಕಮ್ಮಿ ಮಾಡ್ರಿ."

ಕಮ್ಮಿ ಮಾಡಿದೆವು. ಸ್ಟೆಪ್ನಿ ಹೋಯಿತು, ಜಾಕಿ ಹೋಯಿತು, ಕಾಲಡಿಯ ಮ್ಯಾಟುಗಳು ಹೋದವು. ಡಿಕ್ಕಿಯಲ್ಲಿ ಆರು ವರ್ಷಗಳಿಂದ ಹಂಚಿಕೆಯಾಗದೆ ಉಳಿದಿದ್ದ, ನಾನೇ ಸಂಪಾದಿಸಿದ ವಿಚಾರಸಂಕಿರಣದ ಸ್ಮರಣ ಸಂಚಿಕೆಗಳ ಕಟ್ಟುಗಳಿದ್ದವು. ನಬಿಸಾಬರು ಅವನ್ನು ಎತ್ತಿ "ಯಾ ಅಲ್ಲಾ, ಎಲ್ಲಾಕಿಂತ ವಜನ್ ಇವೇ ಅವ ನೋಡ್ರಿ" ಎಂದರು. ಕೊನೆಗೆ ಹಿಂದಿನ ಸೀಟನ್ನೂ ಬಿಚ್ಚಿಸಿದೆ. ಕಾರಿನ ಒಳಗು ಬರಿದಾಗಿ, ದಾರ್ಶನಿಕನ ಮನಸ್ಸಿನಂತೆ ನಿರ್ಮಲವಾಯಿತು. ಮಾವನ ಮನೆಯವರು ನೋಡಿ ಕಾರು ಹಾಳಾಗಿದೆಯೆಂದು ತಿಳಿಯಬಾರದೆಂದು ಸೀಟಿದ್ದ ಜಾಗಕ್ಕೆ ಒಂದು ಹೂವಿನ ಚಾದರ ಹಾಸಿದೆ.

ಇಲ್ಲಿ ಇನ್ನೊಂದು ಹಳೆಯ ನೋವನ್ನು ಹೇಳಬೇಕು. ಕಮಲಾಪುರದ ನಮ್ಮ ಮಾವನ ಮನೆಯಲ್ಲಿ ಅಳಿಯನ ಗಾಡಿ ಖಾಲಿ ಹೋಗಬಾರದೆಂಬ ಸಂಪ್ರದಾಯವಿದೆ. ಮಗಳ ಗಾಡಿ ಹೇಗೆ ಬಂದು ಹೇಗೆ ಹೋದರೂ ನಡೆದೀತು, ಅವಳು ಮನೆಯವಳು. ಅಳಿಯನ ಡಿಕ್ಕಿ ಮಾತ್ರ ತುಂಬಲೇಬೇಕು. ಕಳೆದ ಯುಗಾದಿಗೆ ನಾವೂ ಹೋಗಿದ್ದೆವು, ಬೀದರಿನಿಂದ ನನ್ನ ಷಡ್ಡಕನೂ ಬಂದಿದ್ದ. ಅವನ ಡಿಕ್ಕಿಗೆ ಮೂರು ಕೆಂಬಾಳೆ ಗೊನೆ ಮತ್ತು ಒಂದು ಚೀಲ ತೊಗರಿಬೇಳೆ ಬಿದ್ದವು. ನನ್ನದಕ್ಕೆ ಒಂದು ಗೊನೆ ಮತ್ತು ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ನಾನು ಬಾಳೆಹಣ್ಣಿಗಾಗಿ ಕೋಪಿಸಿಕೊಳ್ಳುವವನಲ್ಲ. ನನ್ನ ಪ್ರಶ್ನೆ ಸಮಾನತೆಯದು. ಆ ಪ್ರಶ್ನೆಯನ್ನು ನಾನು ಅಂದು ದಾರಿಯುದ್ದಕ್ಕೂ ಎತ್ತಿದೆ. ಆಮೇಲೆ ವಿದ್ಯಾವತಿ ತನ್ನ ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುವಾಗಲೆಲ್ಲ ಪಕ್ಕದ ಕೋಣೆಯಿಂದ, ಯಾರಿಗೂ ಕೇಳದಂತೆ, ಎತ್ತುತ್ತ ಬಂದೆ.

ಭಾನುವಾರ ಹನ್ನೊಂದಕ್ಕೆ ಎರಡೂ ಕಾರುಗಳು ಕಮಲಾಪುರ ಮುಟ್ಟಿದವು. ನಾನು ಹೊರಗಿನಿಂದಲೇ ಲೇಔಟಿಗೆ ಹೋಗೋಣವೆಂದೆ. ಅತ್ತೆ ಕಸ್ತೂರಿಬಾಯಿ ಬಾಗಿಲಲ್ಲಿ ಚರಿಗೆಯಲ್ಲಿ ನೀರು ಹಿಡಿದು ನಿಂತಿದ್ದರು.

"ಅಳಿಯಂದ್ರು ಮನಿ ಮುಂದಿಂದ ಉಪಾಸ ಹೋದ್ರ ಊರಾಗ ನಾವು ಮಾರಿ ತೋರ್ಸೋದು ಹ್ಯಾಂಗ್ರಿ? ಕಾಲು ತೊಳ್ಕೋರಿ."

"ಅತ್ತೀ, ಉಂಡ ಮ್ಯಾಲ ರೇಸ್ ಹೊಡಿಯಾಕ ಬರಂಗಿಲ್ಲ. ವಜನ್ ಆಗ್ತದ."

"ಎರಡು ಹೋಳಿಗಿಗಿ ಎಷ್ಟು ವಜನ್ರಿ?"

ಹೋಳಿಗೆ ಎರಡರಲ್ಲಿ ನಿಲ್ಲಲಿಲ್ಲ. ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಬಿತ್ತು. ವಿದ್ಯಾವತಿ ಅರ್ಧ ರೊಟ್ಟಿ ತಿಂದು ಎದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಮೂರನೆಯ ಹೋಳಿಗೆಯ ಹೊತ್ತಿಗೆ ಮಾವನವರು ಬಂದು ಕಾರಿನ ಬೀಗದ ಕೈ ಕೇಳಿದರು.

"ಬಿಸಿಲಾಗ ನಿಂತದ್ರಿ. ಹಿಂದ ನೆರಳಿಗಿ ಹಚ್ಚಸ್ತೀನಿ."

ಕೊಟ್ಟೆ. ಬಾಯಲ್ಲಿ ಹೂರಣವಿದ್ದ ಮನುಷ್ಯ ಹೆಚ್ಚು ವಿಚಾರಿಸಲಾರ.

"ಈ ಸಲ ನಿಮ್ಮ ಮನಸಿಗಿ ಬ್ಯಾಸರ ಆಗ್ಲಾರದಂಗ ನೋಡ್ಕೊಂಡೀನ್ರಿ" ಎಂದರು ಅತ್ತೆ, ನಾಲ್ಕನೆಯದನ್ನು ಇಕ್ಕುತ್ತ. ಊಟದ ವಿಷಯವೆಂದು ತಿಳಿದು ತಲೆಯಾಡಿಸಿದೆ.

ಹೊರಬಂದಾಗ ಮೂರು ಗಂಟೆ. ನನಗೆ ನಿದ್ರೆಯೂ ಕೋಪವೂ ಒಟ್ಟಿಗೆ ಬರುತ್ತಿದ್ದವು. ನನ್ನ ಕಾರು ಮನೆಯ ಹಿಂದೆ ಉಗ್ರಾಣದ ಬಾಗಿಲಿಗೆ ಹತ್ತಿಕೊಂಡು ನಿಂತಿತ್ತು. ನಾನು ಒಳಗೆ ಕೂತು ಬಾಗಿಲು ಹಾಕಿದೆ. ವಿದ್ಯಾವತಿ ಕಿಟಕಿಯ ಬಳಿ ಬಂದಳು.

"ಹಿಂದ ಒಮ್ಮಿ ನೋಡ್ಕೊಂಡು ಹೋಗ್ರಿ."

"ಗೆಲ್ಲಾಂವ ಹಿಂದ ನೋಡಂಗಿಲ್ಲ."

"ಆಮ್ಯಾಲ ನಾ ಹೇಳಲಿಲ್ಲ ಅನಬ್ಯಾಡ್ರಿ."

"ನನ್ನ ಗಾಡಿ ಬಗ್ಗೆ ನೀ ಏನೂ ಹೇಳಬ್ಯಾಡ."

ಲೇಔಟಿಗೆ ಹೋಗುವ ಒಂದು ಕಿಲೋಮೀಟರಿನಲ್ಲೇ ಕಾರು ಮಂದವೆನಿಸಿತು. ಅದು ಹೋಳಿಗೆಯ ಪ್ರಭಾವವೆಂದು ಭಾವಿಸಿದೆ. ಕಾರಿನ ಮೂತಿ ತುಸು ಮೇಲಕ್ಕೆದ್ದಂತೆಯೂ ಇತ್ತು. ಅದರಿಂದ ನನಗೆ ಹೆಮ್ಮೆಯೇ ಆಯಿತು. ನಾನು ನೋಡುವ ಪಂದ್ಯಗಳಲ್ಲಿ ಬಲಿಷ್ಠ ಕಾರುಗಳು ಹೊರಡುವಾಗ ಹೀಗೆಯೇ ಮೂತಿಯೆತ್ತುತ್ತವೆ. ನನ್ನದು ಹೊರಡುವ ಮೊದಲೇ ಎತ್ತಿತ್ತು.

ರಸ್ತೆ ಸೊಗಸಾಗಿತ್ತು: ಹೊಸ ಡಾಂಬರು, ಎರಡೂ ಕಡೆ ಸೈಟುಗಳ ಕಲ್ಲು, ಕಣ್ಣಳತೆಯಲ್ಲಿ ಒಂದು ನಾಯಿಯೂ ಇಲ್ಲ. ಮಾವನವರು ಅತ್ತೆಯನ್ನು ಬೈಕಿನಲ್ಲಿ ಕರೆತಂದು ಆ ತುದಿಯಲ್ಲಿ ಇಳಿಸಿ, ಮೊದಲು ಬಂದವರನ್ನು ಗುರುತಿಸಲು ಹೇಳಿ, ಈ ತುದಿಗೆ ಬಂದು ಟವೆಲು ಎತ್ತಿ ನಿಂತರು. ಟವೆಲು ಕೆಳಗಿಳಿದರೆ ಹೊರಡುವುದು.

ಟವೆಲು ಇಳಿಯಿತು.

ನಾನು ಕ್ಲಚ್ಚನ್ನು ಬಿಟ್ಟ ರೀತಿಯ ಬಗ್ಗೆ ನನಗೆ ಇಂದಿಗೂ ತೃಪ್ತಿಯಿದೆ. ಪಠ್ಯಪುಸ್ತಕದಲ್ಲಿ ಅಚ್ಚು ಹಾಕಬೇಕಾದ ಅರ್ಧ ಕ್ಲಚ್ಚು ಅದು. ಇಂಜಿನು ಆರ್ಭಟಿಸಿತು. ಕಾರು ಚಲಿಸಲಿಲ್ಲ. ಎರಡನೆಯ ಆರ್ಭಟಕ್ಕೆ, ಯೋಚಿಸಿ, ಚಲಿಸಿತು. ಎಲ್ಲಿಂದಲೋ ಸುಟ್ಟ ವಾಸನೆ ಬಂತು. ಎರಡನೇ ಗೇರು ಹಾಕುವಷ್ಟರಲ್ಲಿ ಬಿಳಿ ಕಾರು ನನ್ನ ಕಣ್ಣಿಗೆ ಹಲ್ಲುಜ್ಜುವ ಪೇಸ್ಟಿನ ಡಬ್ಬಿಯಷ್ಟಿತ್ತು, ಮೂರನೆಯದಕ್ಕೆ ಮಾತ್ರೆಯಷ್ಟಾಯಿತು. ನನ್ನ ಬೆನ್ನ ಹಿಂದೆ ಗುಡುಗುಡು ಎಂದು ಏನೋ ಉರುಳಿದ ಸದ್ದಾಯಿತು. ಅದನ್ನೂ ಇಂಜಿನಿನ ಶೌರ್ಯವೆಂದೇ ತಿಳಿದೆ.

ನಾನು ತುದಿ ಮುಟ್ಟಿದಾಗ ವಿದ್ಯಾವತಿ ಕಾರಿನಿಂದಿಳಿದು, ಸೈಟಿನ ಕಲ್ಲಿನ ಮೇಲೆ ಕೂತು, ಬಾಟಲಿಯ ನೀರು ಕುಡಿದು ಮುಚ್ಚಳ ತಿರುಗಿಸುತ್ತಿದ್ದಳು.

ನಾನು ಕಾರಿನಿಂದ ಇಳಿದು ಹಿಂಬದಿಗೆ ನಡೆದೆ. ಚಾದರ ಎತ್ತಿದೆ. ಡಿಕ್ಕಿ ತೆರೆದೆ. ಒಂದು ಚೀಲ ತೊಗರಿಬೇಳೆ. ಒಂದು ಚೀಲ ಜೋಳ. ನಾಲ್ಕು ಕೆಂಬಾಳೆ ಗೊನೆ. ಅವುಗಳ ನಡುವೆ, ಗೋಣಿಯಲ್ಲಿ ಸುತ್ತಿದ, ಎರಡು ಪದರಿನ ಒಂದು ಬೀಸುವ ಕಲ್ಲು.

"ಅತ್ತೀ, ಏನ್ರಿ ಇದು?"

ಕಸ್ತೂರಿಬಾಯಿಯವರ ಮುಖ ಸಣ್ಣದಾಯಿತು. "ಯಾಕ್ರಿ, ಕಡಿಮಿ ಆಯ್ತಾ?"

ನಾನು ಗೊನೆಗಳನ್ನು ಮತ್ತೊಮ್ಮೆ ಎಣಿಸಿದೆ. ಅವರೇ ಮುಂದುವರಿಸಿದರು.

"ಬೀದರದ ಅಳಿಯಂದ್ರಿಗಿ ಮೂರು ಗೊನಿ, ನಿಮಗ ಒಂದೇ ಅಂತ ಅಂದ್ಕೊಂತ ಬಂದೀರಿ. ವಿದ್ಯಾ ಹೇಳಿಲ್ರಿ ಮತ್ತ, ಆಕಿಗಿ ಅನಬ್ಯಾಡ್ರಿ. ಫೋನಿನಾಗ ಆಕಿ ಧ್ವನಿಕಿಂತ ನಿಮ್ಮದೇ ಚಂದ ಕೇಳ್ತಿತ್ತು. ಅದಕ್ಕ ಈ ಸಲ ನಾಲ್ಕು ಹಾಕ್ಸೀನಿ. ನೀವೂ ಹಿಂದಿನ ಸೀಟು ತಗಿಸಿ, ಜಾಗಾ ಮಾಡ್ಕೊಂಡೇ ಬಂದಿದ್ರಿ. ಇಷ್ಟು ಮನಸಿನಾಗ ಇಟ್ಕೊಂಡಾರಲ್ಲ ಅಂತ ನನಗ ಕಣ್ಣಾಗ ನೀರೇ ಬಂತು."

"ಈ ಕಲ್ಲು?"

"ಹೋದ ಸಲ ಅರ್ಧ ತಾಸು ಇದರ ಮುಂದ ನಿಂತು ಹೇಳಿದ್ರಲ್ರಿ. ಬೀಸೋ ಹೆಣ್ಮಕ್ಕಳ ಪದ, ಅವರ ದುಃಖ, ಇಂಥಾ ಕಲ್ಲು ಮನಿಗೊಂದು ಇರಬೇಕು ಅಂತ. ನಿಮಗಿಂತ ಹೆಚ್ಚೇನ್ರಿ ಕಲ್ಲು?"

ಜನಪದ ಸಾಹಿತ್ಯದ ಬಗ್ಗೆ ನನಗಿದ್ದ ಗೌರವ ಅಂದು ಮೊದಲ ಬಾರಿಗೆ ಅಲುಗಾಡಿತು.

ಇದು ಪಂದ್ಯವೇ ಅಲ್ಲ, ಎಲ್ಲ ಇಳಿಸಿ ಇನ್ನೊಮ್ಮೆ ಓಡಿಸಬೇಕೆಂದು ನಾನು ಘೋಷಿಸಿದೆ. ಘೋಷಣೆ ನಾಲ್ಕು ಸೈಟುಗಳಾಚೆಗೂ ಕೇಳಿಸಿರಬೇಕು. ಅಷ್ಟರಲ್ಲಿ ಬೈಕಿನಲ್ಲಿ ಬಂದ ಜಗದೇವಪ್ಪನವರು ಟವೆಲನ್ನು ಹೆಗಲಿಗೇರಿಸಿ ತಲೆಯಾಡಿಸಿದರು.

"ಅದು ಆಗಂಗಿಲ್ರಿ. ಅಳಿಯನ ಗಾಡ್ಯಾಗ ತುಂಬಿದ್ದು ನಮ್ಮೂರ ಮಣ್ಣಾಗ ಕೆಳಗ ಇಳಿಸಂಗಿಲ್ಲ. ನಮ್ಮ ಮನೆತನದಾಗ ಇವತ್ತಿನತನಕ ಇಳಿಸಿಲ್ಲ."

"ಮಾವನೋರೆ, ನನ್ನ ಗಾಡಿ ಹೋಗ್ತದ್ರಿ."

"ಗಾಡಿ ಹೋದ್ರ ಇನ್ನೊಂದು ಬರ್ತದ್ರಿ. ಇಳಿಸಿದ್ರ ಮನಿ ಮಾನ ಹೋಗ್ತದ."

ಆಧುನಿಕ ವಿಚಾರಧಾರೆಯ ನಾನು ಸಂಪ್ರದಾಯದ ಜಡತೆಯ ಕುರಿತು ಕೆಲವು ಮಾತುಗಳನ್ನು ಆಡಿದೆ. (ಗೊನೆಗಳ ಸಂಖ್ಯೆಯ ಪ್ರಶ್ನೆಯಲ್ಲಿ ಅದೇ ಸಂಪ್ರದಾಯದ ಪರವಾಗಿ ನಾನು ಆಡಿದ್ದ ಮಾತುಗಳನ್ನು ಯಾರೂ ನೆನಪಿಸಲಿಲ್ಲ, ಅದು ಅವರ ದೊಡ್ಡತನ.) ಕೊನೆಗೆ ವಿದ್ಯಾವತಿ ಕಲ್ಲಿನಿಂದೆದ್ದು ಸೀರೆಯ ಧೂಳು ಕೊಡವಿಕೊಂಡಳು.

"ಭಾರ ಅದ ಅಂತ ಸೋತೆ ಅಂತೀರಲ್ಲ? ಹಂಗಾದ್ರ ಅದಲು ಬದಲು ಮಾಡೂಣು. ನನ್ನ ಖಾಲಿ ಗಾಡಿ ನೀವು ಹೊಡೀರಿ. ಭಾರದ್ದು ನಾ ಹೊಡೀತೀನಿ. ಗಾಡಿದು ತಪ್ಪೋ, ಹೊಡಿಯೋರದ್ದೋ, ತಿಳೀತದ."

"ನಿನಗ ಗೇರಿನ ಗಾಡಿ ಬರಂಗಿಲ್ಲ."

"ಬರ್ಲಿಲ್ಲಂದ್ರ ನೀವು ಗೆಲ್ತೀರಿ. ಮೊದಲ ಆಟ ಬಿಟ್ಟುಕೊಡ್ತೀನಿ. ನನ್ನ ಗಾಡಿ ಹೋಗ್ಲಿ."

ನಾನು ಲೆಕ್ಕ ಹಾಕಿದೆ. ಅತ್ತ ಎರಡು ಚೀಲ, ನಾಲ್ಕು ಗೊನೆ, ಒಂದು ಬೀಸುವ ಕಲ್ಲು, ಸುಟ್ಟ ವಾಸನೆಯ ಕ್ಲಚ್ಚು, ಹನ್ನೆರಡನೆಯ ದಿನಕ್ಕೇ ಕಲಿಕೆ ಬಿಟ್ಟ ಚಾಲಕಿ. ಇತ್ತ ಖಾಲಿ ಕಾರು ಮತ್ತು ನಾನು. ಗಣಿತದವಳು ಇಂಥ ತಪ್ಪು ಲೆಕ್ಕ ಮಾಡಿದ್ದಕ್ಕೆ ಒಳಗೊಳಗೇ ಮರುಗಿ ಒಪ್ಪಿದೆ.

ಓಟ ಈಗ ಈ ತುದಿಯಿಂದ ಹಿಂದಕ್ಕೆ. ತಿರುಗಿಸಿ ನಿಲ್ಲಿಸಿದ ಬಿಳಿ ಕಾರಿನಲ್ಲಿ ಕೂತೆ. ಕಾಲ ಕೆಳಗೆ ಎರಡೇ ಪೆಡಲುಗಳು. ಒಂದು ಓಡಿಸುವುದು, ಅದರ ಎಡಕ್ಕೆ ಅಗಲವಾದ ಬ್ರೇಕು. ಎಡಗಾಲು ಆಸ್ತಿ ಹಂಚಿಕೆಯಲ್ಲಿ ಪಾಲು ಸಿಗದವನಂತೆ ಮೂಲೆಯಲ್ಲಿ ನಿಂತಿತು. ಟವೆಲು ಇಳಿಯಿತು. ಬಲಗಾಲು ಒತ್ತಿದೆ. ಕಾರು ಬಾಣದಂತೆ ಹೊರಟಿತು. ಕನ್ನಡಿಯಲ್ಲಿ ನನ್ನ ಕೆಂಪು ಕಾರು ನಿಂತಲ್ಲೇ ಇತ್ತು. ಐವತ್ತು ಮೀಟರಿನಲ್ಲೇ ನಾನು ಗೆದ್ದಿದ್ದೆ. ಇಂಜಿನಿನ ದನಿ ಏರಿತು. ದನಿ ಏರಿದರೆ ಎರಡನೇ ಗೇರು. ಇಪ್ಪತ್ತೆರಡು ವರ್ಷಗಳ ಸಂಸ್ಕಾರ ಎಡಗಾಲನ್ನು ಎತ್ತಿ, ಪೂರ್ಣ ಶಕ್ತಿಯಿಂದ, ಇಲ್ಲದ ಕ್ಲಚ್ಚನ್ನು ತುಳಿಯಿತು. ಅಲ್ಲಿದ್ದದ್ದು ಬ್ರೇಕು.

ಕಾರು ನಿಂತಿತು. ನಾನು ಸೀಟ್ ಬೆಲ್ಟ್ ಕಟ್ಟಿಕೊಂಡಿದ್ದೆ. ಕನ್ನಡಕ ಕಟ್ಟಿಕೊಂಡಿರಲಿಲ್ಲ, ಅದು ಮುಂದಿನ ಗಾಜಿಗೆ ಹೋಗಿ ಬಡಿಯಿತು. ಮತ್ತೆ ಒತ್ತಿದೆ. ಮತ್ತೆ ಬಾಣ. ದನಿ ಏರಿತು, ಮೂರನೇ ಗೇರು, ಎಡಗಾಲು. ಅದು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಆ ಕಾರಿನಲ್ಲಿಲ್ಲದ ನಾಲ್ಕು ಗೇರುಗಳಿಗೆ ನಾನು ನಾಲ್ಕು ಸಲ ಬ್ರೇಕು ತುಳಿದೆ. ಮೂರನೆಯ ಮತ್ತು ನಾಲ್ಕನೆಯ ಬ್ರೇಕಿನ ನಡುವೆ ನನ್ನ ಕೆಂಪು ಕಾರು ಪಕ್ಕದಲ್ಲೇ ಹಾದುಹೋಯಿತು. ಮೂತಿಯೆತ್ತಿಕೊಂಡು, ಗರ್ಭಿಣಿಯ ಗಾಂಭೀರ್ಯದಿಂದ, ಒಂದು ಜರ್ಕೂ ಇಲ್ಲದೆ. ಎರಡರಿಂದ ಮೂರಕ್ಕೆ ಗೇರು ಬಿದ್ದದ್ದು ಕಿವಿಗೇ ತಿಳಿಯಲಿಲ್ಲ. ಒಳಗೆ ವಿದ್ಯಾವತಿ ಎಡಗೈಯನ್ನು ಗೇರಿನ ಮೇಲೆ ಹಗುರವಾಗಿಟ್ಟು ಮುಂದೆ ನೋಡುತ್ತಿದ್ದಳು.

ತುದಿಯಲ್ಲಿ ನಾನು ಕೇಳಿದ್ದು ಒಂದೇ ಮಾತು: "ಯಾವಾಗ ಕಲ್ತಿ?"

"ಎರಡು ವರ್ಷ ಆಯ್ತು. ನಬಿಸಾಬರ ಕಡಿಂದ. ಎಂಟು ದಿನದಾಗ ಬಂತು. ಅವರು ಒಮ್ಮಿನೂ ಒದರಲಿಲ್ಲ."

"ಮತ್ತ ಈ ಕ್ಲಚ್ಚಿಲ್ಲದ್ದು ಯಾಕ ತಗೊಂಡಿ?"

"ಗೇರಿಂದು ತಗೊಂಡಿದ್ರ ನೀವು ಬಾಜೂಕ ಕುಂತು ಕಲಿಸ್ಲಾಕ ಬರ್ತಿದ್ರಿ."

ಬೈಕಿನಲ್ಲಿ ಬೆನ್ನಿಗೇ ಬಂದ ಜಗದೇವಪ್ಪನವರು ಟವೆಲಿನಿಂದ ಬಾಯಿ ಒರೆಸಿಕೊಂಡರು, ಬಾಯಿ ಒದ್ದೆಯಾಗಿರಲಿಲ್ಲ. "ಹಂಗಾದ್ರ ಯಾವ ಗಾಡಿ ಸೋತಂಗ ಆಯ್ತವ್ವಾ?" ಎಂದು ಮಗಳನ್ನು ಕೇಳಿದರು.

"ಗಾಡಿಗೋಳು ಒಂದೊಂದು ಸಲ ಗೆದ್ದಾವ ಅಪ್ಪಾ. ಅವು ಸರಿಸಮ. ಎರಡೂ ಸಲ ಸೋತಿದ್ದು ಒಂದೇ ಅದ. ಅದನ್ನ ನಾ ಹ್ಯಾಂಗ ಮನಿ ಬಿಡಿಸ್ಲಿ?"

ಗೇರಿನ ಕಾರು, ಅಷ್ಟು ಭಾರ ಹೊತ್ತೂ, ಆಟೋಮ್ಯಾಟಿಕ್ಕನ್ನು ಸೋಲಿಸಿತು. ನನ್ನ ಜೀವಮಾನದ ಸಿದ್ಧಾಂತ ನನ್ನ ಕಣ್ಣೆದುರಿಗೇ ಸಾಬೀತಾಯಿತು. ಅದಕ್ಕಾಗಿ ನಾನು ಸಂತೋಷಪಡಬೇಕೆಂದು ನಬಿಸಾಬರು ಆಮೇಲೆ ಹೇಳಿದರು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ನಾನು ಅವರ ಮೇಲೆ ಹರಿಹಾಯ್ದಾಗ, "ನೀವು ಕೇಳ್ಲಿಲ್ರಿ ಸರ್" ಎಂದು ಸುಟ್ಟುಹೋದ ಕ್ಲಚ್ ಪ್ಲೇಟನ್ನು ನನ್ನ ಕೈಗಿಟ್ಟರು.

ಈಗಿನ ಸ್ಥಿತಿ ಇಷ್ಟು. ಬೇವಿನ ಮರದ ಕೆಳಗೆ ಬಿಳಿ ಕಾರು ನಿಲ್ಲುತ್ತದೆ. ಎರಡೂ ಸಲ ಸೋತವನು ಮನೆ ಬಿಡುವಂತಿಲ್ಲ, ಅವನ ಕಾರಾದರೂ ಬಿಡಲೆಂದು ಕೆಂಪು ಕಾರಿಗೆ ಹೊಸ ಕ್ಲಚ್ಚು ಹಾಕಿಸಿ ನಾನೇ ಕಮಲಾಪುರಕ್ಕೆ ಒಯ್ದು ಬಿಟ್ಟು ಬಂದೆ, ಯಾರೂ ಕಸಿದುಕೊಂಡಿಲ್ಲ. ಹಿಂದಿನ ಸೀಟು ಇಲ್ಲದಿರುವುದು ಬಹಳ ಅನುಕೂಲವೆಂದು ಮಾವನವರು ಅದರಲ್ಲಿ ಬಾಳೆಗೊನೆ ಸಾಗಿಸುತ್ತಿದ್ದಾರೆ. ಸೀಟು ನಮ್ಮ ಮನೆಯ ಪಡಸಾಲೆಯಲ್ಲಿದೆ, ಅದರ ಪಕ್ಕದಲ್ಲಿ ಬೀಸುವ ಕಲ್ಲಿದೆ. ಸಂಜೆ ಅಲ್ಲಿ ಕೂತು ಓದುತ್ತೇನೆ. ಕಾಲೇಜಿಗೆ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ. ಭಾನುವಾರ ಕೋಟನೂರಿನ ಕಡೆಯ ರಸ್ತೆಯಲ್ಲಿ, ಎಡಗಾಲನ್ನು ಸೀಟಿನಡಿಗೆ ಮಡಚಿಟ್ಟುಕೊಂಡು ಬಿಳಿ ಕಾರು ನಡೆಸುವುದನ್ನು ಕಲಿಯುತ್ತಿದ್ದೇನೆ. ವಿದ್ಯಾವತಿ ಪಕ್ಕದಲ್ಲಿ ಕೂತಿರುತ್ತಾಳೆ, ಒದರುವುದಿಲ್ಲ. ಕಳೆದ ವಾರ ಒಂದು ಸಲ ಮಾತ್ರ ಬ್ರೇಕು ತುಳಿದೆ.